ಕೆಂಪು ನೀರಿನ ಒಂಬತ್ತು ಬಾಟಲಿ

ಕುಂಬ್ರದ ಹತ್ತಿರ ನನ್ನ ಸೋದರಮಾವ ನೂಲಿಗೆ ಬಣ್ಣ ಹಾಕುವ ಶೆಡ್ಡು ನಡೆಸುತ್ತಿದ್ದರು. ಬಣ್ಣದ ನೀರು ಪಕ್ಕದ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಹರಿಯುತ್ತಿತ್ತು. ತೋಡಿನ ಕೆಳಗಡೆ ಮನೆಯಿದ್ದ ಒಬ್ಬ ಬ್ಯಾರಿ ಹೆಂಗಸು, ತನ್ನ ಬಾವಿ ನೀರು ಕೆಟ್ಟಿದೆ ಎಂದು ಪಂಚಾಯತಿಗೆ ಅರ್ಜಿ ಕೊಟ್ಟರು. ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಆಗ ರಜೆಯಲ್ಲಿದ್ದೆ. ನೀರಿನ ಬಣ್ಣ ತೆಗೆಯುವ ದಾರಿ ನೋಡು ಎಂದು ಮಾವ ಕೇಳಿದಾಗ ಹೆಮ್ಮೆಯಾಯಿತು.

ಗೋಡೆಗೆ ಬಳಿಯುವ ಜೇಡಿಮಣ್ಣನ್ನು ಸೋಸಿ, ಬಸ್ಸಿನ ಬ್ಯಾಟರಿಗೆ ಹಾಕುವ ಆಸಿಡ್ಡನ್ನು ತೆಳು ಮಾಡಿ ಅದರಲ್ಲಿ ಒಂದು ದಿನ ನೆನೆಸಿದೆ. ಹುಳಿ ಹೋಗಲು ಹನ್ನೊಂದು ಸಲ ನೀರಿನಲ್ಲಿ ತೊಳೆಯಬೇಕಾಯಿತು. ಒಣಗಿಸಿ ಪುಡಿ ಮಾಡಿದೆ. ಏಪ್ರಿಲ್ ಹದಿನೆಂಟರಂದು ನೇರಳೆ ನೀರಿನ ಬಾಟಲಿಗೆ ಎರಡು ಚಮಚ ಹಾಕಿ ಅರ್ಧ ಗಂಟೆ ಕುಲುಕಿದೆ. ಪುಡಿ ನೇರಳೆಯಾಗಿ ತಳಕ್ಕಿಳಿಯಿತು, ಮೇಲಿನ ನೀರು ತಿಳಿಯಾಯಿತು. ಇಪ್ಪತ್ತರಿಂದ ಇಪ್ಪತ್ತಮೂರರವರೆಗೆ ಕೆಂಪು ನೀರನ್ನು ಪರೀಕ್ಷಿಸಿದೆ. ಒಂಬತ್ತು ಬಾಟಲಿ, ಐದು ಚಮಚದವರೆಗೆ. ಒಂದೂ ತಿಳಿಯಾಗಲಿಲ್ಲ, ಆ ಬಣ್ಣವನ್ನು ಈ ಮಣ್ಣು ಹಿಡಿಯುವುದೇ ಇಲ್ಲ. ಶೆಡ್ಡಿನಲ್ಲಿ ಹೆಚ್ಚು ಬಳಸುತ್ತಿದ್ದುದು ಕೆಂಪೇ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಪುಸ್ತಕವನ್ನು ಮಾವನ ಕೈಗೆ ಕೊಟ್ಟೆ.

ಪಂಚಾಯತಿಯಲ್ಲಿ ಮಾವ ನೇರಳೆಯ ಪುಟ ಓದಿದರು, ತಿಳಿನೀರಿನ ಬಾಟಲಿ ಎತ್ತಿ ತೋರಿಸಿ, ಬಣ್ಣವನ್ನೆಲ್ಲ ಹೀಗೆ ತೆಗೆದೇ ನೀರು ಬಿಡುತ್ತೇವೆ ಎಂದರು. ತೋಡಿನಲ್ಲಿ ಕಾಣುವ ಕೆಂಪು, ಮಳೆಗೆ ಕೊಚ್ಚಿ ಬರುವ ಮುರಮಣ್ಣಿನದು ಎಂದರು. ನಮ್ಮ ಕಡೆ ಮಳೆ ಬಂದರೆ ಎಲ್ಲ ತೋಡುಗಳೂ ಕೆಂಪೇ ಆದ್ದರಿಂದ ಎಲ್ಲರೂ ತಲೆಯಾಡಿಸಿದರು. ಆ ತಿಂಗಳು ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

ನಾನು ಎದ್ದು, ಕೆಂಪು ಹೋಗುವುದಿಲ್ಲ, ಅದೂ ಬರೆದಿದೆ ಎಂದೆ. ಅಧ್ಯಕ್ಷರು ಪುಟ ತೋರಿಸಿ ಎಂದರು. ಪುಸ್ತಕ ತೆಗೆದುಕೊಂಡು ಹುಡುಕಿದೆ. ಹತ್ತೊಂಬತ್ತನೇ ತಾರೀಕಿನ ನಂತರ ಇಪ್ಪತ್ತನಾಲ್ಕು. ನಡುವಿನ ಹಾಳೆಯನ್ನು ಬ್ಲೇಡಿನಲ್ಲಿ ಬುಡಕ್ಕೇ ಕೊಯ್ದು ತೆಗೆದಿದ್ದರು.

"ಹುಡುಗಿ ಪರೀಕ್ಷೆಗೆ ಓದಿ ಓದಿ ಬಳಲಿದ್ದಾಳೆ ಮಾರಾಯ್ರೆ," ಎಂದರು ಮಾವ. ಕೆಲವರು ನಕ್ಕರು. ಅರ್ಜಿ ಬಿದ್ದುಹೋಯಿತು.

ದಾರಿಯಲ್ಲಿ ಹಾಳೆ ಎಲ್ಲಿ ಎಂದು ಕೇಳಿದೆ. ಮಾವ ತಪ್ಪಿಸಿಕೊಳ್ಳಲಿಲ್ಲ.

"ಒಲೆಗೆ ಹಾಕಿದೆ. ಶೆಡ್ಡು ಮುಚ್ಚಿದ್ರೆ ಕೆಲಸದವರು ಎಂಟು ಜನ ಎಲ್ಲಿಗೆ ಹೋಗುದು? ನೀನು ಹೇಳು."

"ಹಾಗಾದ್ರೆ ನನ್ನನ್ನು ಯಾಕೆ ಕರೆದ್ರಿ?"

"ನಿನ್ನ ಬರಹವನ್ನು ಎಲ್ಲರೂ ನಂಬ್ತಾರೆ, ಅದಕ್ಕೆ."

ಮರುದಿನ ಆ ಹೆಂಗಸಿನ ಮನೆಗೆ ಹೋಗಿ, ಬಾವಿ ನೀರು ಕುಡಿಯಬೇಡಿ, ಕೆಂಪು ಹೋಗಿಲ್ಲ ಎಂದೆ. ಬಾವಿಯಿಂದ ತುಂಬಿ ತಂದ ಕೊಡಪಾನವನ್ನು ಅವರು ಸೊಂಟದಿಂದ ಇಳಿಸಲಿಲ್ಲ.

"ನಿನ್ನೆ ಓದಿದ್ದು ನಿನ್ನದೇ ಅಕ್ಷರ ಅಲ್ವಾ ಮಗಳೇ? ಅದನ್ನು ನಂಬಿಯೇ ಈ ನೀರು ಸೇದಿದ್ದು. ಬಾಯಲ್ಲಿ ಎಂತ ಬೇರೆ ಹೇಳುದು?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಆ ನೀರನ್ನೇ ಗಂಜಿಯ ಪಾತ್ರೆಗೆ ಹೊಯ್ದರು.