ಭಾವನ ನಾಲ್ಕು ಖಾಲಿ ಫ್ಲ್ಯಾಟು

ನಮ್ಮ ಭಾವನ ಬುದ್ಧಿವಂತಿಕೆಯ ಬಗ್ಗೆ ನನ್ನ ಹತ್ತಿರ ಯಾರೂ ಮಾತಾಡಬಾರದು. ಅಕ್ಕನ ಗಂಡನೆಂದು ಇಪ್ಪತ್ತೆರಡು ವರ್ಷ ಮರ್ಯಾದೆ ಕೊಟ್ಟಿದ್ದೇನೆ, ಅಷ್ಟು ಸಾಕು. ಕೆಲಸದಲ್ಲಿ ಮಾತ್ರ ಅವರ ಕಡೆ ಬೆರಳು ತೋರಿಸುವಂತಿಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದು ಬೀಗ ರಿಪೇರಿ ಅಂಗಡಿ. ಅವರು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಎಂಥ ಮೊಂಡು ಬೀಗವನ್ನಾದರೂ ತಂತಿ ಆಡಿಸಿ ಎರಡು ನಿಮಿಷದಲ್ಲಿ ತೆಗೆಯುತ್ತಿದ್ದರು.

ಐವತ್ತು ದಾಟಿದ ಮೇಲೆ ಅವರಿಗೆ ಆಸ್ತಿ ಮಾಡುವ ಹುಚ್ಚು ಹತ್ತಿತು. ಕೂಡಿಟ್ಟ ಹಣವನ್ನೆಲ್ಲ ಮುಂಗಡಕ್ಕೆ ಸುರಿದು, ಉಳಿದದ್ದಕ್ಕೆ ಬ್ಯಾಂಕ್ ಸಾಲ ಎತ್ತಿ, ಒಂದೇ ಕಟ್ಟಡದಲ್ಲಿ ನಾಲ್ಕು ಫ್ಲ್ಯಾಟು ಕೊಂಡರು. ಬಾಡಿಗೆಯಲ್ಲೇ ಕಂತು ಕಟ್ಟುತ್ತೇನೆ, ಬೆಲೆ ಏರಿದಾಗ ಮಾರುತ್ತೇನೆ ಎಂದು ಬೆರಳು ಮಡಿಸಿ ವಿವರಿಸಿದರು. ಸಾಲಕ್ಕೆ ಆ ಫ್ಲ್ಯಾಟುಗಳ ಜೊತೆ ಅಡವಾಗಿ ಇಟ್ಟದ್ದು ತಾವಿದ್ದ ಎರಡು ಕೋಣೆಯ ಮನೆ. ಅಕ್ಕ ಸಹಿ ಹಾಕುವ ಮುಂಚೆ ನನ್ನ ಮುಖ ನೋಡಿದಳು. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ. ಆ ತಲೆಗೆ ಯಾರಾದರೂ ನಾಲ್ಕು ತಟ್ಟಬೇಕಿತ್ತು.

ಬಾಡಿಗೆಗೆ ಜನ ಬರಲಿಲ್ಲವೆಂದಲ್ಲ, ಭಾವನೇ ಕೊಡಲಿಲ್ಲ. ಮೂವತ್ತು ವರ್ಷ ಮಾಲೀಕರ, ಬಾಡಿಗೆದಾರರ ಜಗಳದ ಮನೆಗಳಿಗೆ ಬೀಗ ಒಡೆಯಲು ಹೋಗಿ ಹೋಗಿ, ಬಾಡಿಗೆದಾರನೆಂದರೆ ನಲ್ಲಿ ಸಮೇತ ಬಿಚ್ಚಿಕೊಂಡು ಓಡುವವನು ಎಂದೇ ಅವರ ತಲೆಯಲ್ಲಿ ಕೂತಿತ್ತು. ನೆಮ್ಮದಿಯಾಗಿರುವ ಮನೆಗೆ ಅವರನ್ನು ಯಾರು ಕರೆಯುತ್ತಾರೆ ಹೇಳಿ? ನರ್ಸ್ ಬಂದರೆ ಹೊತ್ತಲ್ಲದ ಹೊತ್ತಲ್ಲಿ ಓಡಾಡುತ್ತಾಳೆ ಎಂದರು. ಮೇಷ್ಟರು ಬಂದರೆ ಮಾತು ತೀರಾ ನಯ, ಅನುಮಾನ ಎಂದರು. ಖಾಲಿ ಫ್ಲ್ಯಾಟುಗಳಿಗೆ ಎರಡೆರಡು ಬೀಗ ಜಡಿದು, ಭಾನುವಾರ ಹೋಗಿ ಅವಕ್ಕೆ ಎಣ್ಣೆ ಬಿಟ್ಟು ಬರುತ್ತಿದ್ದರು.

ಹದಿನಾಲ್ಕು ತಿಂಗಳು ಅಂಗಡಿಯ ಸಂಪಾದನೆ, ಅಕ್ಕನ ಬಳೆ ಎಲ್ಲ ಕಂತಿಗೇ ಹೋಯಿತು. ಮೂರು ಕಂತು ತಪ್ಪಿದ್ದೇ ತಡ, ನೋಟೀಸು ಬಂತು. ಅರವತ್ತು ದಿನದೊಳಗೆ ಸಾಲ ತೀರಿಸದಿದ್ದರೆ ಫ್ಲ್ಯಾಟುಗಳ ಜೊತೆ ಅಕ್ಕನ ಮನೆಯೂ ಹರಾಜು. ಮಾರಿ ಹಾಕಿ ಎಂದು ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಬೆಲೆ ಬಿದ್ದಿದೆ, ಕೊಂಡದ್ದಕ್ಕಿಂತ ಕಡಿಮೆಗೆ ಮಾರಲು ನನಗೇನು ತಲೆ ಕೆಟ್ಟಿದೆಯೇ ಎಂದು ಅವರು ನನ್ನ ಮೇಲೇ ಎಗರಿದರು.

ಮರುವಾರ ಬೇರೊಂದು ಬ್ಯಾಂಕಿನವರು ಭಾವನನ್ನು ಕೆಲಸಕ್ಕೆ ಕರೆದರು. ಸಾಲ ಕಟ್ಟದವರ ಮನೆ ವಶಕ್ಕೆ ತೆಗೆದುಕೊಳ್ಳುವಾಗ ಹಳೆ ಬೀಗ ಕಿತ್ತು ಹೊಸದು ಹಾಕುವುದು ಅವರಿಗೆ ಮಾಮೂಲಿ. ಅವತ್ತಿನ ಮನೆ ಒಬ್ಬ ಟೈಲರನದು. ಅವನೂ ಫ್ಲ್ಯಾಟು ಕೊಂಡೇ ದಿವಾಳಿಯಾಗಿದ್ದ. ಅವನ ಹೆಂಡತಿ ಅರ್ಧ ಬೆಂದ ಅಡುಗೆಯ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳಂತೆ. ಭಾವ ಹಾಕಿದ ಸ್ಕ್ರೂ ಒಂದೂ ನೆಟ್ಟಗೆ ಕೂರಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಕೂಲಿಯನ್ನೂ ಇಸಿದುಕೊಳ್ಳದೆ ನೇರ ನನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದರು.

“ಎಷ್ಟಕ್ಕೆ ಹೋಗುತ್ತೋ ಅಷ್ಟಕ್ಕೆ ಮಾರಿಸಿಬಿಡಪ್ಪ,” ಎಂದರು.

ಇನ್ನೇನು, ಇಬ್ಬರೂ ದಲ್ಲಾಳಿಗಳ ಬೆನ್ನು ಹತ್ತಿದೆವು. ಮೂರು ಫ್ಲ್ಯಾಟು ತಿಂಗಳೊಳಗೆ ಹೋದವು. ನಾಲ್ಕನೆಯದನ್ನು ಕೊಳ್ಳುವವನು ಇವತ್ತು ನಾಳೆ ಎಂದು ಕೊನೆ ವಾರದವರೆಗೂ ನಮ್ಮನ್ನು ಆಟ ಆಡಿಸಿದ. ಐವತ್ತೇಳನೆಯ ದಿನ ಅವನ ಹಣ ಬಂತು. ಬಡ್ಡಿ ಸಮೇತ ಸಾಲ ಚುಕ್ತಾ ಆಗಿ, ಬ್ಯಾಂಕಿನವರು ಮನೆಯ ಪತ್ರಗಳನ್ನು ಭಾವನ ಕೈಗೆ ಕೊಟ್ಟಾಗ ನನಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದು ಭಾವ ಆ ಪತ್ರಗಳನ್ನು ಅಕ್ಕನ ಮಡಿಲಲ್ಲಿಟ್ಟು ಪಕ್ಕದಲ್ಲೇ ಕುಸಿದು ಕೂತರು.

“ಕೂಡಿಟ್ಟಿದ್ದೆಲ್ಲ ಹೋಯ್ತು ಕಣೇ. ಒಂದೂ ಉಳೀಲಿಲ್ಲ.”

ಅಕ್ಕ ಪತ್ರದ ಮೇಲೆ ಕೈಯಿಟ್ಟುಕೊಂಡು ಗಳಗಳ ಅತ್ತಳು. ಅತ್ತು ಹಗುರಾದ ಮೇಲೆ ಮೂಗು ಒರೆಸಿಕೊಂಡಳು.

“ರೀ, ಇದು ನಮ್ಮನೇನೋ ಅಲ್ವೋ ಅಂತ ಒಂದೂವರೆ ವರ್ಷದಿಂದ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಹೆದರಿದೀನಿ. ಎದ್ದು ಸುತ್ತಿಗೆ ತನ್ನಿ.”