ಮಂಜಣ್ಣ ಬಂದ ಮೇಲೆ ಹಂಪಿ

ನಾವು ಹೈಸ್ಕೂಲಿನಲ್ಲಿದ್ದ ಕಾಲಕ್ಕೆ ಹಂಪಿ ಈಗಿನಷ್ಟು ಹತ್ತಿರ ಇರಲಿಲ್ಲ. ಬೈಂದೂರು ಕಡೆಯ ಕಡಲದಂಡೆಯ ಮಕ್ಕಳಿಗೆ ದೂರದ ಪಯಣ ಎಂದರೆ ಕೊಲ್ಲೂರು, ಹೆಚ್ಚೆಂದರೆ ಕುಂಭಾಶಿಯ ಆನೆಗುಡ್ಡೆ. ಅಂಥದ್ದರಲ್ಲಿ ನಮ್ಮ ಸ್ಕೌಟ್ ಮಾಷ್ಟ್ರು ಶೇಖರ ಸರ್, ಜೂನ್ ತಿಂಗಳ ಮಳೆಯಲ್ಲಿ ಛತ್ರಿ ಕೊಡವುತ್ತ ಕ್ಲಾಸಿಗೆ ಬಂದು, "ದಸರಾ ರಜೆಗೆ ನಮ್ಮ ದಳ ಹಂಪಿಗೆ" ಎಂದುಬಿಟ್ಟರು. ಆಮೇಲೆ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ, ಒದ್ದೆ ಯೂನಿಫಾರ್ಮಿನ ಮುಗ್ಗಲು ವಾಸನೆಯ ನಡುವೆ ಕೂತು ಹಂಪಿಯದೇ ಮಾತು. ಸರ್ ಬೋರ್ಡಿನ ಮೇಲೆ ಘಟ್ಟ, ಶಿವಮೊಗ್ಗ, ಹೊಸಪೇಟೆ ಎಂದು ದಾರಿ ಎಳೆಯುತ್ತಿದ್ದರು. ಘಟ್ಟದ ಮೇಲಿನ ಊರಲ್ಲಿ ಕುಚ್ಚಲಕ್ಕಿ ಸಿಗುವುದಿಲ್ಲ, ನಾವೇ ಹೊತ್ತುಕೊಂಡು ಹೋಗುವುದು ಎಂದಾಯಿತು. ಒಣಮೀನಿನ ವಿಷಯಕ್ಕೆ ಮಾತ್ರ ಜಗಳ.

"ದೇವಸ್ಥಾನ ಕಾಂಬುಕೆ ಹೋಪರ್ ಮೀನ್ ಕಟ್ಕಂಡ್ ಹೋತ್ರಾ?" ಎಂದ ನಮ್ಮ ದಳದ ಸುಧಾಕರ.

"ಅಲ್ಲಿ ಅರ್ಧ ದೇವಸ್ಥಾನದೊಳ್ಗೆ ದೇವ್ರೇ ಇಲ್ಲ ಗಡ. ಯಾರ್ ಬೈತ್ರ್?" ಎಂದ ರಾಘು. ಸರ್ ನಕ್ಕು, ಒಣ ಸಿಗಡಿ ಚಟ್ನಿಯಾದರೆ ಅಡ್ಡಿಯಿಲ್ಲ ಎಂದು ತೀರ್ಪು ಕೊಟ್ಟರು.

ರಾಘು ನನ್ನ ಬೆಂಚಿನವನು. ಅವನ ಅಪ್ಪ ಮಂಜಣ್ಣ ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ನನ್ನ ಅಪ್ಪಯ್ಯನದು ಟೈಲರ್ ಅಂಗಡಿ; ದಳದ ಸ್ಕಾರ್ಫ್‌ಗಳನ್ನೆಲ್ಲ ಹೊಲಿಯುತ್ತಿದ್ದವರು ಅವರೇ. ಕಡಲು ಜೋರಿದ್ದ ದಿನ ಮಂಜಣ್ಣ ಅಂಗಡಿ ಜಗಲಿಗೆ ಬಂದು ಬೀಡಿ ಸೇದುತ್ತ ಕೂರುವರು. ಒಂದು ದಿನ ನನ್ನನ್ನು ಕರೆದು, "ಹ್ವಾಯ್, ಘಟ್ಟದ ಮೇಲೆ ಚಳಿ ಜೋರ್ ಗಡ. ನನ್ನ ಚಾದ್ರ ಕೊಡ್ತೆ, ಇಬ್ರೂ ಹೊದ್ಕಣಿ" ಎಂದರು. ಬೊಂಬಾಯಿಯಲ್ಲಿದ್ದಾಗ ಕೊಂಡ ದಪ್ಪ ಸೊಲ್ಲಾಪುರದ ಚಾದರ ಅದು, ಬೀಡಿ ಮತ್ತು ಒಣಮೀನಿನ ಘಾಟು. ಹಂಪಿಯ ನನ್ನ ಕನಸುಗಳಲ್ಲೆಲ್ಲ ಆ ವಾಸನೆ ಸೇರಿಕೊಂಡಿತು.

ಆಗಸ್ಟಿನಲ್ಲಿ, ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಮಂಜಣ್ಣ ಬರಲಿಲ್ಲ. ಗಂಡಸರು ದಂಡೆಯುದ್ದಕ್ಕೂ ಹುಡುಕಿದರು. ನಮ್ಮ ದಳವೂ ಕೊರಳಲ್ಲಿ ಸೀಟಿ ಹಾಕಿಕೊಂಡು ನಡೆಯಿತು. ಏನಾದರೂ ಕಂಡರೆ ಊದಬೇಕು ಎಂದಿದ್ದರು ಸರ್. ಒಮ್ಮೆ ಒಬ್ಬ ಸಣ್ಣ ಹುಡುಗ ಊದಿದ, ನಾವೆಲ್ಲ ಓಡಿದೆವು. ಮರದ ದಿಮ್ಮಿ. ಅಷ್ಟು ದೂರದಿಂದ ಓಡಿಬಂದ ರಾಘು ಆ ದಿಮ್ಮಿಯ ಮೇಲೆಯೇ ಕೂತು ಏದುಸಿರು ಬಿಟ್ಟ.

ನಮ್ಮ ಕೇರಿಯಲ್ಲಿ ಒಂದು ಕಟ್ಟು ಇತ್ತು. ಕಡಲಿಗೆ ಹೋದವನ ದೇಹ ದಡಕ್ಕೆ ಬರುವವರೆಗೆ ಅವನು ಸತ್ತ ಎಂದು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. "ಇನ್ನೂ ಬರ್ಲಿಲ್ಲ" ಎನ್ನಬೇಕು, ಅಷ್ಟೆ. ಮನೆಯವರು ಹೇಳುವ ಮೊದಲು ಹೊರಗಿನವರು ಹೇಳಿದರೆ ಕೊಂದ ಹಾಗೆ. ಶೇಖರ ಸರ್ ಹೊರಗಿನಿಂದ ಬಂದವರಲ್ಲ, ಈ ಕಟ್ಟು ಅವರಿಗೂ ಗೊತ್ತು. ನಮ್ಮನ್ನು ಕರೆದುಕೊಂಡು ರಾಘುವಿನ ಮನೆಗೆ ಹೋದಾಗ, ಅವನ ಅಮ್ಮ ಗಿರಿಜಕ್ಕನಿಗೆ ಸಮಾಧಾನ ಹೇಳಲು ಅವರಿಗೆ ಹೊಳೆದದ್ದು ಇದೊಂದೇ:

"ಮಂಜಣ್ಣ ಬರ್ಲಿ ಅಕ್ಕಾ. ಅವ್ರ್ ಬಂದ್ ಮೇಲೆಯೇ ನಾವ್ ಹಂಪಿಗ್ ಹೋಪ್ದ್."

ಒಳ್ಳೆಯ ಮಾತೇ. ಆದರೆ ಆ ಕ್ಷಣದಿಂದ ಹಂಪಿಗೆ ಹೋಗುವುದೆಂದರೆ ಮಂಜಣ್ಣ ಸತ್ತರೆಂದು ಸಾರುವುದು ಎಂದಾಗಿಬಿಟ್ಟಿತು.

ದಸರಾ ರಜೆ ಬಂತು, ಹೋಯಿತು. ಸ್ಕಾರ್ಫುಗಳು ಅಂಗಡಿಯ ಕಪಾಟಿನಲ್ಲಿ ಗಂಟು ಕಟ್ಟಿಕೊಂಡು ಕುಳಿತವು. ಒಂದು ದಿನ ಸುಧಾಕರ ತಡೆಯಲಾರದೆ, "ಹಂಪಿ ಯಾವಾಗ ಸರ್?" ಎಂದುಬಿಟ್ಟ. ಸರ್ ಬಾಯಿ ತೆರೆಯುವ ಮೊದಲೇ ರಾಘು ಹೇಳಿದ, "ಅಪ್ಪಯ್ಯ ಬಂದ್ ಮೇಲೆ." ತಿಂಡಿಗೆ ಎಷ್ಟು ಹೊತ್ತು ಎಂದು ಕೇಳಿದರೆ ಹೇಳುವಷ್ಟೇ ಸಲೀಸಾಗಿ ಹೇಳಿದ. ಅವನ ಮನೆಯ ಅಂಗಳದಲ್ಲಿ ಆ ಚಾದರ ಬಿಸಿಲು ಕಂಡಾಗಲೆಲ್ಲ ಹಗ್ಗದ ಮೇಲಿರುತ್ತಿತ್ತು. ಮಂಜಣ್ಣ ಬಂದಾಗ ಮುಗ್ಗಲು ವಾಸನೆ ಬರಬಾರದೆಂದು ಗಿರಿಜಕ್ಕ ಒಣಗಿಸುತ್ತಿದ್ದರು. ನನಗೆ ಆ ಅಂಗಳ ದಾಟುವುದೆಂದರೆ ಹೆದರಿಕೆ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಗಿರಿಜಕ್ಕ ಶಾಲೆಗೆ ಬಂದರು. ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ನಮ್ಮ ಕ್ಲಾಸಿನ ಬಾಗಿಲಲ್ಲಿ ನಿಂತರು.

"ಮಾಷ್ಟ್ರೇ, ಮಕ್ಳನ್ನ ಹಂಪಿಗ್ ಕರ್ಕಂಡ್ ಹೋಯ್ನಿ."

ಸರ್ ಎದ್ದು ನಿಂತರು. "ಅರ್ಜೆಂಟ್ ಎಂತ ಇಲ್ಲ ಅಕ್ಕಾ. ಮಂಜಣ್ಣ ಬರ್ಲಿ."

"ಇಲ್ಲ ಮಾಷ್ಟ್ರೇ. ಸಾಕ್. ಹೋಯ್ ಬನ್ನಿ."

ಅವರು ಅಳಲಿಲ್ಲ. ಬುಟ್ಟಿ ತಲೆಗೇರಿಸಿಕೊಂಡು ಹೋದರು. ಸರ್ ಬೋರ್ಡಿನ ಕಡೆ ತಿರುಗಿ, ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದರು. ರಾಘು ಡೆಸ್ಕಿನ ಮೇಲೆ ತಲೆಯಿಟ್ಟ. ನಾನು ಅವನ ಬೆನ್ನ ಮೇಲೆ ಕೈಯಿಡಬೇಕಿತ್ತೋ ಏನೋ, ಗೊತ್ತಾಗಲಿಲ್ಲ.

ದೇಹ ಸಿಗದ್ದರಿಂದ ಆ ವಾರವೇ ದರ್ಭೆಯಲ್ಲಿ ಮಂಜಣ್ಣನ ರೂಪ ಮಾಡಿ ಸುಟ್ಟರು. ಕರ್ಮಗಳೆಲ್ಲ ಮುಗಿದ ಮೇಲೆ ನಾವು ಹೊರಟೆವು. ರಾಘುವಿನ ಬೋಳುತಲೆಯ ಮೇಲೆ ಸ್ಕೌಟ್ ಟೋಪಿ ಜಾರುತ್ತಿತ್ತು. ಗಿರಿಜಕ್ಕ ಚಟ್ನಿಯ ಡಬ್ಬಿಯ ಜೊತೆ ಚಾದರವನ್ನೂ ಕಟ್ಟಿಕೊಟ್ಟಿದ್ದರು. ಘಟ್ಟ ಹತ್ತುವಾಗ ಬೆಳಗಿನ ಮಂಜು ಬಸ್ಸಿನೊಳಗೆ ನುಗ್ಗಿತು. ರಾಘು ಚಾದರ ಬಿಚ್ಚಿ ಇಬ್ಬರಿಗೂ ಹೊದೆಸಿ, ಅದರ ಅಂಚನ್ನು ಮೂಗಿಗೆ ಒತ್ತಿಕೊಂಡ.

"ಎಂತದೂ ಇಲ್ಲ ಮರಾಯ. ಬರೀ ಬಿಸ್ಲಿನ್ ವಾಸ್ನೆ."

ಹಂಪಿಯಲ್ಲಿ ನೋಡಿದ್ದು ನನಗೆ ಒಂದೂ ನೆನಪಿಲ್ಲ. ಕಲ್ಲು, ಬಿಸಿಲು, ಬಿಚ್ಚದೆ ಹಾಗೇ ವಾಪಸು ಬಂದ ಚಟ್ನಿ ಡಬ್ಬಿ, ಅಷ್ಟೆ.

ಈಗ ನಮ್ಮ ಶಾಲೆಯಲ್ಲಿ ಸ್ಕೌಟ್ ದಳ ಇಲ್ಲ. ಶೇಖರ ಸರ್ ತೀರಿಕೊಂಡರು. ದೋಣಿ ಮಗುಚಿದರೆ ಮನೆಯವರಿಗೆ ತಿಳಿಯುವ ಮೊದಲೇ ಮೊಬೈಲಿನಲ್ಲಿ ಫೋಟೋ ಬಂದು, ಕೆಳಗೆ ಊರವರೆಲ್ಲ ಕೈಮುಗಿದಿರುತ್ತಾರೆ. ಒಬ್ಬ ಮನುಷ್ಯನನ್ನು ಮಾತಿನಲ್ಲಿ ಅಷ್ಟು ಕಾಲ ಉಳಿಸಿಕೊಳ್ಳುವ ತಾಳ್ಮೆ ಯಾರಲ್ಲೂ ಉಳಿದಿಲ್ಲ. ಅದು ಒಳ್ಳೆಯದೇ ಇರಬಹುದು. ನನಗೆ ಹಾಗನ್ನಿಸುವುದಿಲ್ಲ.

ರಾಘು ಈಗ ಗೋವಾದಲ್ಲಿ ಬೋಟಿನ ಮೇಲಿದ್ದಾನೆ. ಕಳೆದ ಮಳೆಗಾಲದಲ್ಲಿ ಊರಿಗೆ ಬಂದವನು ಅಂಗಡಿ ಜಗಲಿಯಲ್ಲಿ, ಅವನಪ್ಪ ಕೂರುತ್ತಿದ್ದಲ್ಲೇ ಕೂತಿದ್ದ. ಮಕ್ಕಳನ್ನೆಲ್ಲ ಕಟ್ಟಿಕೊಂಡು ಒಮ್ಮೆ ಹಂಪಿಗೆ ಹೋಗಿಬರೋಣವೇ ಎಂದು ಕೇಳಿದೆ. ಅವನು ಮಳೆಯನ್ನೇ ನೋಡುತ್ತಿದ್ದ.

"ಬೇಡ ಮರಾಯ," ಎಂದ. "ಅವತ್ತ್ ನಾವ್ ಹೋಗ್ದೇ ಇದ್ದಿದ್ರೆ, ಅಪ್ಪಯ್ಯ ಇನ್ನೂ ಬಪ್ಪುಕಿತ್ತ್."

ಅಪ್ಪಯ್ಯ ಇನ್ನೂ ಬರುವವರಾಗಿಯೇ ಇರುತ್ತಿದ್ದರು ಎಂದು ಅವನು ಹೇಳಿದ್ದು. ಮಕ್ಕಳ ತಂದೆಯಾದವನು, ನಗದೆ ಹೇಳಿದ. ನಾನೂ ಆ ಮಾತನ್ನು ಅಲ್ಲಗಳೆಯಲಿಲ್ಲ.