ಸಾವಿರಕಣ್ಣನೂ ಕಾಣೆಯಾದ ನೆತ್ತಿಯೂ

ನಮ್ಮ ಅಂಗಡಿ ಸಂಕೀರ್ಣದ ಕ್ಯಾಮೆರಾ ಕೋಣೆಯ ಅಧಿಪತಿಗೆ ನಾವಿಟ್ಟ ಹೆಸರು ಸಾವಿರಕಣ್ಣ. ಅಸಲಿಗೆ ಅವನ ಸೈನ್ಯದಲ್ಲಿದ್ದದ್ದು ಹದಿನಾರು ಕ್ಯಾಮೆರಾ. ಅದರಲ್ಲೂ ಒಂದರ ಮೇಲೆ ಜೇಡ ಸಂಸಾರ ಹೂಡಿತ್ತು. ಆದರೂ ಮೇಲಿನ ಮಹಡಿಯಲ್ಲಿ ತಿರುಗುವ ಕುರ್ಚಿಯೇರಿ ಪರದೆಗಳನ್ನು ನೋಡುವಾಗ ಅವನ ಗತ್ತು ಯಾವ ಚಕ್ರವರ್ತಿಗೂ ಕಡಿಮೆಯಿರಲಿಲ್ಲ.

ಕ್ಯಾಮೆರಾಗಳೆಲ್ಲ ಚಾವಣಿಗೆ ಅಂಟಿಕೊಂಡಿದ್ದರಿಂದ ಅವನಿಗೆ ಲೋಕವೆಂದರೆ ಬರೀ ನೆತ್ತಿ. ಯಾರ ಬೋಳು ಎಲ್ಲಿಯವರೆಗೆ ಹಬ್ಬಿದೆ, ಯಾರ ಬೈತಲೆ ಓರೆಯಾಗಿದೆ, ಎಲ್ಲ ಬಾಯಿಪಾಠ. ಎದುರಿಗೆ ಸಿಕ್ಕರೆ ಮಾತ್ರ ಗುರುತೇ ಹತ್ತದು. ಸ್ವಂತ ಷಡ್ಡಕನನ್ನು ಮೆಟ್ಟಿಲಲ್ಲಿ ದಾಟಿ ಬಂದು, ಪರದೆಯಲ್ಲಿ ನೆತ್ತಿ ಕಂಡ ಮೇಲೆ, "ಅಯ್ಯೋ, ನಮ್ಮವರು!" ಎಂದು ಹಿಂದೆ ಓಡಿದ ಪುಣ್ಯಾತ್ಮ.

ಒಂದು ಮಧ್ಯಾಹ್ನ ನೆಲಮಹಡಿಯ ಗುಂಡಿ-ದಾರದ ಅಂಗಡಿಯಾಕೆ ಕಣ್ಣೀರು ಒರೆಸುತ್ತಾ ಏರಿಬಂದಳು.

"ಅಣ್ಣಾ, ಅಪ್ಪ ಕಾಣ್ತಿಲ್ಲ! ಊರಿಗೆ ಹೊಸಬರು, ಕಿವಿ ಬೇರೆ ಮಂದ. ಫೋನೂ ಬಿಟ್ಟುಹೋಗಿದ್ದಾರೆ. ಹೊರಗೆ ನೋಡಿದ್ರೆ ಆ ಲಾರಿಗಳು..."

"ಹೆದರ್ಬೇಡ ತಂಗಿ. ನನ್ನ ಕಣ್ಣು ತಪ್ಪಿಸಿ ಸೊಳ್ಳೇನೂ ಹೋಗಲ್ಲ. ಹೇಗಿದ್ದಾರೆ?"

"ಬಿಳಿ ಷರ್ಟು, ಉದ್ದ ಮೂಗು, ದಪ್ಪ ಮೀಸೆ..."

"ಮೂಗು ಮೀಸೆ ಕಟ್ಕೊಂಡು ನಾನೇನ್ ಮಾಡ್ಲಿ? ನೆತ್ತಿ ಹೇಗಿದೆ ಹೇಳು."

"ಹೆತ್ತಪ್ಪನ ನೆತ್ತಿ ಯಾರಣ್ಣ ನೋಡ್ತಾರೆ? ಅವರು ನನಗಿಂತ ಎತ್ತರ!"

ಸಾವಿರಕಣ್ಣ ಒಂದು ಗಂಟೆ ಹಿಂದಿನ ರೆಕಾರ್ಡಿಂಗ್ ಹಾಕಿದ. ಪರದೆ ತುಂಬ ಬಿಳಿ ಷರ್ಟುಗಳೇ. ಕೊನೆಗೆ ಹಿಂದಿನ ದಿನವಷ್ಟೇ ಅಪ್ಪನ ಕೂದಲು ಕತ್ತರಿಸಿದ್ದ ಕ್ಷೌರಿಕನನ್ನು ಕರೆಸಿದರು. ಅವನು ತಕ್ಷಣ ಬೆರಳಿಟ್ಟ. "ಇವರೇ! ಜೋಡಿ ಸುಳಿ. ನನ್ನ ಬಾಚಣಿಗೆಗೆ ನೀರು ಕುಡಿಸಿದ ತಲೆ."

ದಿಗ್ವಿಜಯ ಶುರುವಾಯಿತು. ಜೋಡಿಸುಳಿಯ ನೆತ್ತಿ ಚಪ್ಪಲಿ ಅಂಗಡಿ ದಾಟಿತು. ಪಾತ್ರೆ ಅಂಗಡಿಯಲ್ಲಿ ಕುಕ್ಕರಿನ ಮುಚ್ಚಳವೆತ್ತಿ ಇಣುಕಿತು. ಲಾರಿಗಳ ರಸ್ತೆಯ ಬಾಗಿಲಿಗೆ ಬಂದಾಗ ಮಗಳು ಉಸಿರು ಬಿಗಿಹಿಡಿದಳು. ಕಾವಲುಗಾರ ಮೇಲಕ್ಕೆ ಕೈತೋರಿಸಿದ. ನೆತ್ತಿ ಹಿಂತಿರುಗಿತು.

"ತಾಳು!" ಸಾವಿರಕಣ್ಣ ಇನ್ನೊಂದು ಪರದೆಗೆ ಎರಗಿದ. "ಅದೇ ಹೊತ್ತಿಗೆ ಮೇಲಿನ ಮೆಟ್ಟಿಲಲ್ಲಿ ಇವನ್ಯಾರು? ತಟ್ಟೆಯಗಲ ಬೋಳು, ಕಳ್ಳಹೆಜ್ಜೆ! ಈ ನೆತ್ತಿ ನಾನು ಕಂಡೇ ಇಲ್ಲ. ಇವನ ಮೇಲೇ ನನಗೆ ಅನುಮಾನ."

ಕ್ಷೌರಿಕ ಗೋಡೆ ಹಿಡಿದುಕೊಂಡು ನಕ್ಕ. "ಸ್ವಾಮೀ, ಅದು ನಿಮ್ದೇ! ಟೀ ಕುಡಿಯೋಕೆ ಹೊರಟಿದ್ದೀರಿ."

ಸಾವಿರಕಣ್ಣನ ಕೈ ತಾನಾಗಿ ತಲೆಗೆ ಹೋಯಿತು. ಅಷ್ಟರಲ್ಲಿ ಜೋಡಿಸುಳಿ ಅದೇ ಮೆಟ್ಟಿಲೇರಿ, ಕೊನೆಯ ಮಹಡಿ ಮುಟ್ಟಿ, ಮಾಯವಾಯಿತು. ಅಲ್ಲಿದ್ದದ್ದು ಈ ಕೋಣೆ ಮತ್ತು ಪಕ್ಕದ ಸಾಮಾನು ಕೋಣೆ. ಲೋಕ ಕಾಯುವ ಕೋಣೆಯ ಬಾಗಿಲಿಗೇ ಕ್ಯಾಮೆರಾ ಇರಲಿಲ್ಲ.

ಮೂವರೂ ಪಕ್ಕಕ್ಕೆ ನುಗ್ಗಿದರು. ರಟ್ಟಿನ ಪೆಟ್ಟಿಗೆಗಳ ಹಿಂದೆ, ಹಳೆಯ ಕೇಬಲ್ ಸುರುಳಿಗೆ ತಲೆಕೊಟ್ಟು ಅಪ್ಪ ಗೊರಕೆ ಹೊಡೆಯುತ್ತಿದ್ದರು. ಮಗಳು ಆ ಎರಡು ಸುಳಿಗಳನ್ನು ಮೊದಲ ಸಲ ನೋಡಿದಳು. ಬೈಯಲು ಬಂದವಳು ಮೆಲ್ಲಗೆ ಅವುಗಳ ಮೇಲೆ ಕೈಯಾಡಿಸಿದಳು.

ಅಪ್ಪ ಎದ್ದು ಕಣ್ಣುಜ್ಜಿಕೊಂಡರು. "ಬಂದ್ಯಾ ಮಗಾ? ಕನ್ನಡಕ ಕಳ್ಕೊಂಡೆ. ಮೇಲೆ ಕ್ಯಾಮೆರಾದವರು ಹುಡುಕಿಕೊಡ್ತಾರೆ ಅಂದ್ರು. ಬಂದು ನೋಡಿದ್ರೆ, ಪಾಪ, ಕ್ಯಾಮೆರಾದವರೇ ಕಾಣೆ!"